ಬಲಕ್ಕೆ ಉಡಿಸಿದ ಮುಂಡು

ನನ್ನ ಗೆಳೆಯ ಬಾವಾ ಬಿದ್ದದ್ದು ಕ್ರಿಕೆಟ್ ಮೈದಾನದಲ್ಲಿ, ಜುಲೈ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ. ಕುವೈಟಿನ ಮಂಗಫ್ ಎಂಬಲ್ಲಿನ ರೂಮಿನಲ್ಲಿ, ಮಂಚದ ಮೇಲೆ, ಮಲಗಿದ್ದಲ್ಲೇ ಸತ್ತ ಎಂದು ಕಂಪೆನಿ ಬರೆಯಿತು.

ಆ ಬರಹದ ಕೆಳಗೆ ರೂಮಿನವನೊಬ್ಬನ ಸೈನ್ ಬೇಕು. ರೂಮಿನವ ನಾನು.

ನನ್ನ ಹೆಸರು ಸುಕುಮಾರ. ಕುವೈಟಿಗೆ ಬಂದು ಹದಿಮೂರು ವರ್ಷ. ಇಕಾಮಾದಲ್ಲಿ, ಅಂದರೆ ಕಂಪೆನಿ ಮಾಡಿಸಿಕೊಡುವ ವಾಸದ ಪರವಾನಗಿಯಲ್ಲಿ, ಹೆಲ್ಪರ್ ಎಂದು ಉಂಟು. ಕರೆಸಿದ್ದು ಕ್ರಿಕೆಟ್ ಆಡಲಿಕ್ಕೆ.

ಮೊದಲಿನಿಂದ ಹೇಳುತ್ತೇನೆ. ನಮ್ಮೂರ ಶಾಲೆಯ ಮೈದಾನದಲ್ಲಿ ದೊಡ್ಡ ಮನೆಯವರು ಆಡುವಾಗ ನಮ್ಮ ಕಾಲೊನಿಯವರನ್ನು ಕರೆಯುತ್ತಿದ್ದದ್ದು ಫೀಲ್ಡಿಂಗಿಗೆ. ಬ್ಯಾಟು ಅವರದ್ದು, ಬಾಲು ಅವರದ್ದು, ಆದ್ದರಿಂದ ಬ್ಯಾಟಿಂಗೂ ಅವರದ್ದೇ. ಬಾಲ್ ಚರಂಡಿಗೆ ಬಿದ್ದರೆ ನಾನು ಇಳಿಯಬೇಕು. ಬಾವಿಕಟ್ಟೆಯ ಹತ್ತಿರ ಬಿದ್ದರೆ ನಾನು ಹೋಗಬಾರದು, ಅವರಲ್ಲೊಬ್ಬ ಹೋಗುತ್ತಿದ್ದ. ಹಾಗಾಗಿ ಬಾಲ್ ನೆಲಕ್ಕೆ ಬೀಳುವ ಮೊದಲೇ ಹಿಡಿಯಲು ಕಲಿತೆ. ಗಾಳಿಯಲ್ಲಿರುವ ಬಾಲಿಗೆ ಚರಂಡಿ, ಬಾವಿ ಎಂಬ ಭೇದವಿಲ್ಲ.

ಆಮೇಲೆ ಟೆನ್ನಿಸ್ ಬಾಲಿನ ಟೂರ್ನಮೆಂಟುಗಳು. ಗೆರೆಯ ಹತ್ತಿರ ನನ್ನನ್ನು ನಿಲ್ಲಿಸಿದರೆ ಆ ಕಡೆ ಸಿಕ್ಸರ್ ಇಲ್ಲ. ಬಾಲ್ ಮೇಲೆ ಹೋದ ಕೂಡಲೇ ಮೈಕಿನವ ಹೇಳುತ್ತಿದ್ದ, "ಕೆಳಗೆ ಗಿಡುಗ ಸುಕುಮಾರ ಇದ್ದಾನೆ." ಮೈಕು ಜಾತಿ ಕೇಳುತ್ತಿರಲಿಲ್ಲ. ಊಟಕ್ಕೆ ಕೂರುವಾಗ ಕೇಳುತ್ತಿದ್ದರು.

ರೋಶನ್ ನನ್ನನ್ನು ನೋಡಿದ್ದು ಅಂಥ ಒಂದು ಟೂರ್ನಮೆಂಟಿನಲ್ಲಿ. ನಮ್ಮ ತಾಲೂಕಿನವನೇ. ಕುವೈಟಿನಲ್ಲಿ ರಿಫೈನರಿಗೆ ಆಳು ಒದಗಿಸುವ ಕಂಪೆನಿಯೊಂದರ ಅಡ್ಮಿನ್ ಮ್ಯಾನೇಜರ್, ಕಂಪೆನಿ ಟೀಮಿನ ಕ್ಯಾಪ್ಟನ್. ರಜೆಯಲ್ಲಿ ಬಂದಿದ್ದ. ಬಹುಮಾನ ಕೊಡುವಾಗ ಹೆಗಲ ಮೇಲೆ ಕೈ ಹಾಕಿದ.

"ಅಲ್ಲಿಗೆ ಬಾ ಮಾರಾಯ. ಆಡುದೇ ನಿನ್ನ ಕೆಲಸ. ಬಾಕಿ ಎಂತ ಇಲ್ಲ."

ನಮ್ಮ ಹೆಗಲ ಮೇಲೆ ಅಂಥವರ ಕೈ ಬಿದ್ದದ್ದು ಅದೇ ಮೊದಲು. ಆ ಕೈಯ ಭಾರಕ್ಕೆ ನಾನು ಕುವೈಟಿನವರೆಗೆ ಬಂದೆ.

ಬಾವಾ ಅದೇ ವಿಮಾನದಲ್ಲಿದ್ದ. ಬಜಪೆಯ ಬ್ಯಾರಿ ಮುಸಲ್ಮಾನ. ನನಗಿಂತ ನಾಲ್ಕು ವರ್ಷ ದೊಡ್ಡವ. ಅವನನ್ನೂ ಆಟಕ್ಕೆಂದೇ ಕರೆಸಿದ್ದು. ಕ್ರಿಕೆಟಿಗಾಗಿ ಆ ಕಂಪೆನಿ ವೀಸಾ ಕೊಟ್ಟವರಲ್ಲಿ ನಾವೇ ಮೊದಲಿಗರು.

"ನಿನ್ನ ವೀಸಾದಲ್ಲಿ ಎಂತ ಬರ್ದಿದ್ದಾರೆ?" ಎಂದು ಕೇಳಿದ.

"ಹೆಲ್ಪರ್."

"ನಂದೂ ಹೆಲ್ಪರ್. ಬ್ಯಾಟಿಗೆ ಹೆಲ್ಪರಾ, ಬಾಲಿಗೆ ಹೆಲ್ಪರಾ, ಇಳಿದ ಮೇಲೆ ಗೊತ್ತಾಗ್ತದೆ" ಎಂದು ನಕ್ಕ.

ಇಳಿದ ಮೇಲೆ ಗೊತ್ತಾಯಿತು. ಶನಿವಾರದಿಂದ ಗುರುವಾರದವರೆಗೆ ರಿಫೈನರಿಯಲ್ಲಿ ಅಟ್ಟ ಕಟ್ಟುವ ಸ್ಕ್ಯಾಫೋಲ್ಡಿಂಗ್ ಪೈಪು ಹೊರುವುದು. ಶುಕ್ರವಾರ ಆಟ. ವಾರದಲ್ಲಿ ರಜೆಯೇ ಇಲ್ಲ. ಆದರೂ ಮೊದಲ ಎರಡು ವರ್ಷ ಬೇಸರವಿರಲಿಲ್ಲ. ನಾವಿಬ್ಬರೂ ಆಡುವ ಹನ್ನೊಂದರಲ್ಲಿದ್ದೆವು. ಕಪ್ ಬಂತು. ಆಫೀಸಿನ ಗೋಡೆಯಲ್ಲಿ ಫೋಟೋ ಈಗಲೂ ಉಂಟು. ನಾನು ಎಡದ ತುದಿ, ಬಾವಾ ಬಲದ ತುದಿ. ಫೋಟೋದಲ್ಲೂ ಬೌಂಡರಿಯಲ್ಲೇ.

ಕಪ್ ಬಂದ ಮೇಲೆ ಸಾಹೇಬರುಗಳಿಗೆ ಆಸೆ ಬಂತು. ಎಂಜಿನಿಯರುಗಳು, ಅಕೌಂಟ್ಸಿನವರು, ಸೇಫ್ಟಿಯವರು, ಎಲ್ಲರೂ ಬಿಳಿ ಶೂ ತೆಗೆದುಕೊಂಡರು. ಟೀಮಿನ ಹನ್ನೊಂದರಲ್ಲಿ ಸ್ಟಾಫ್ ವೀಸಾದವರು ಮಾತ್ರ ಎಂದು ರೋಶನ್ ನಿಯಮ ಮಾಡಿದ. ನಾವು ಸಬ್ ಆದೆವು. ಸಬ್ ಎಂದರೆ ಬದಲಿ. ಬ್ಯಾಟ್ ಮುಟ್ಟುವ ಹಾಗಿಲ್ಲ, ಬೌಲಿಂಗ್ ಮಾಡುವ ಹಾಗಿಲ್ಲ. ಓಡಬೇಕು, ಹಿಡಿಯಬೇಕು, ಎಸೆಯಬೇಕು. ಹಿಡಿದ ಕ್ಯಾಚನ್ನು ಪುಸ್ತಕದಲ್ಲಿ ಬರೆಯುವಾಗ ಹಿಡಿದವನ ಹೆಸರು ಇರುವುದಿಲ್ಲ. 'ಸಬ್' ಎಂದಷ್ಟೇ ಇರುತ್ತದೆ.

ನಡೆಯುತ್ತಿದ್ದದ್ದು ಹೀಗೆ. ಬೆಳಿಗ್ಗೆ ಬಿಸಿಲೇರುವ ಮೊದಲು ಸಾಹೇಬರು ಬ್ಯಾಟ್ ಮಾಡುತ್ತಿದ್ದರು. ಹನ್ನೊಂದಕ್ಕೆ ಫೀಲ್ಡಿಂಗ್ ಬರುವಾಗ ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಮಂಡಿ. ನಾಲ್ಕೈದು ಮಂದಿ ಕಾರಿನ ಎಸಿಯಲ್ಲಿ ಕೂರುತ್ತಿದ್ದರು. ನಾವು ಇಳಿಯುತ್ತಿದ್ದೆವು. ಎದುರು ಟೀಮೂ ಇನ್ನೊಂದು ಕಂಪೆನಿಯದ್ದೇ, ಅವರದ್ದೂ ಅದೇ ಪದ್ಧತಿ. ಆದ್ದರಿಂದ ತಕರಾರಿಲ್ಲ. ಬೇಸಗೆಯ ಮೂರು ತಿಂಗಳು ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕೆಲಸ ಮಾಡಿಸಬಾರದು ಎಂದು ಈ ದೇಶದಲ್ಲಿ ಕಾನೂನುಂಟು. ರಿಫೈನರಿಯಲ್ಲಿ ಆ ಹೊತ್ತಿಗೆ ನಮ್ಮನ್ನು ನೆರಳಿಗೆ ಕಳಿಸುತ್ತಿದ್ದರು. ಶುಕ್ರವಾರ ಕಳಿಸುತ್ತಿರಲಿಲ್ಲ. ಆಟ ಕೆಲಸವಲ್ಲ.

ಅದು ಮರಳು ಮೈದಾನ, ಫರ್ವಾನಿಯಾ ದಾಟಿ ಊರ ಹೊರಗೆ. ಹುಲ್ಲಿನ ಒಂದು ಎಸಳಿಲ್ಲ. ಹಾರಿ ಬಿದ್ದರೆ ಜಲ್ಲಿ ಮೊಣಕೈಯ ಒಳಗೆ ಹೋಗುತ್ತದೆ. ನನ್ನ ಎಡ ಮೊಣಕೈಯಲ್ಲಿ ಈಗಲೂ ಎರಡು ಕಲ್ಲುಗಳಿವೆ, ಒತ್ತಿದರೆ ಸಿಗುತ್ತವೆ. ಶೂವಿನ ಅಡಿ ಬಿಸಿಗೆ ಬಿಟ್ಟುಬರುತ್ತದೆ. ಬಾಲನ್ನು ನೋಡಲು ತಲೆಯೆತ್ತಿದರೆ ಸೂರ್ಯ ಕಣ್ಣೊಳಗೆ ಮೊಳೆ ಹೊಡೆಯುತ್ತಾನೆ. ಬಾವಾ ಲಾಂಗ್ ಆನಿನಲ್ಲಿ, ಬೌಲರನ ಬೆನ್ನ ಹಿಂದೆ, ದೂರದ ಗೆರೆಯ ಹತ್ತಿರ. ನಾನು ಅವನ ಪಕ್ಕದ ಜಾಗದಲ್ಲಿ. ಇಬ್ಬರ ನಡುವೆ ಕೂಗಿದರೆ ಕೇಳುವಷ್ಟು ದೂರ. ಹನ್ನೊಂದು ವರ್ಷ ಅಲ್ಲಿ ನಿಂತು ಹರಟಿದೆವು.

ಸ್ಕೋರ್ ಬರೆಯುವವರು ಆಗಸ್ಟಿನ್. ಮಂಗಳೂರಿನ ಕೊಂಕಣಿಯವರು, ಆಫೀಸಿನಲ್ಲಿ ಕ್ಲರ್ಕ್. ಒಮ್ಮೆ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ಲೆಕ್ಕ ಹಾಕಿ ನಮಗೆ ಹೇಳಿದ್ದರು.

"ಸಬ್ ಹಿಡಿದ ಕ್ಯಾಚು ಇನ್ನೂರ ಹದಿನಾಲ್ಕು. ಯಾವುದು ನಿಂದು, ಯಾವುದು ಬಾವಾನದ್ದು, ಪುಸ್ತಕಕ್ಕೆ ಗೊತ್ತಿಲ್ಲ."

"ಒಳ್ಳೇದೆಲ್ಲ ನಂದು" ಎಂದಿದ್ದ ಬಾವಾ. "ಕಣ್ಣು ಮುಚ್ಚಿ ಹಿಡಿದದ್ದೆಲ್ಲ ಇವನದ್ದು."

ಒಮ್ಮೆ ಅಬು ಹಲೀಫಾದ ಟೀಮಿನವರು ನನ್ನನ್ನು ಕೇಳಿದರು. ಸ್ಟೋರಿನಲ್ಲಿ ಕೆಲಸ, ಹನ್ನೊಂದರಲ್ಲಿ ಜಾಗ, ಹೆಸರು ಬರೆದ ಜೆರ್ಸಿ. ನಮ್ಮ ಕಂಪೆನಿ ಬಿಟ್ಟುಕೊಟ್ಟು ರಿಲೀಸ್ ಕಾಗದ ಕೊಟ್ಟರೆ ಸಾಕು. ನಾನು ರೋಶನನ ಹತ್ತಿರ ಹೋದೆ.

"ಕರೆಸಿದ್ದು ಯಾರು?" ಎಂದ.

"ನೀವು ಸರ್."

"ಮತ್ತೆ? ನಾವು ಸಾಕಿದ ನಾಯಿ ಪಕ್ಕದ ಮನೆಯಲ್ಲಿ ಬೊಗಳುದಾ?"

ಮರುದಿನದಿಂದ ನನ್ನನ್ನು ಎಲ್ಲಕ್ಕಿಂತ ಮೇಲಿನ ಅಟ್ಟಕ್ಕೆ ಹಾಕಿದರು. ಆರು ತಿಂಗಳು. ಒಂದು ದಿನ ಪೈಪು ಎತ್ತುವಾಗ ಬಲ ಭುಜ ಕಳಚಿತು. ಅದು ಸರಿಯಾಗಿ ಕೂರಲೇ ಇಲ್ಲ. ಈಗ ಗೆರೆಯಿಂದ ಎಸೆದರೆ ಬಾಲ್ ಅರ್ಧಕ್ಕೇ ಬೀಳುತ್ತದೆ. ಆದರೆ ಕಾಲು ಉಂಟು. ಕಾಲು ಇರುವವರೆಗೆ ಸಬ್.

ಆ ಶುಕ್ರವಾರ ಬಾವಾ ಬೆಳಿಗ್ಗೆಯೇ ಸರಿ ಇರಲಿಲ್ಲ. ಹತ್ತನೇ ಓವರಿನಲ್ಲಿ ಕೈ ಎತ್ತಿ, ತಲೆ ಸುತ್ತುತ್ತದೆ ಎಂದು ತೋರಿಸಿದ. ರೋಶನ್ ಶಾಮಿಯಾನದ ನೆರಳಿನಿಂದ ಎರಡು ಬೆರಳು ತೋರಿಸಿದ. ಇನ್ನೆರಡು ಓವರ್. ಎರಡು ಆಯಿತು, ನಾಲ್ಕು ಆಯಿತು.

"ಸುಕುಮಾರ" ಎಂದು ಕೂಗಿದ ಬಾವಾ. "ನಂಗೆ ಬೆವರು ಬರುದು ನಿಂತಿತು ಮಾರಾಯ. ಚಳಿ ಆಗ್ತದೆ."

"ಸ್ವೆಟರ್ ಕಳಿಸುದಾ?" ಎಂದೆ.

ನಾನು ಹೇಳಿದ್ದು ಅದು. ಇದನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ.

ಹದಿನೈದನೇ ಓವರಿನ ಮೂರನೇ ಬಾಲ್ ಆಕಾಶಕ್ಕೆ ಹೋಯಿತು. ಅವನ ಕಡೆಗೇ. ಬಾವಾ ಓಡಿದ. ಕಾಲು ಒಂದಕ್ಕೊಂದು ತಾಗುತ್ತಿತ್ತು. ಎರಡೂ ಕೈ ಚಾಚಿ ಹಿಡಿದ. ಹಿಡಿದು ಮುಂದಕ್ಕೆ ಬಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಏಳಲಿಲ್ಲ. ತಮಾಷೆ ಮಾಡುತ್ತಾನೆ ಎಂದುಕೊಂಡರು. ನಾನು ಓಡಿಹೋಗಿ ಮಗುಚಿದೆ. ಮುಖ ಬಿಸಿ ಕಾವಲಿಯ ಹಾಗಿತ್ತು. ಕೆನ್ನೆಗೆ ಅಂಟಿದ ಮರಳು ಒಣಗಿಯೇ ಇತ್ತು.

ಅಂಪೈರ್ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಲ್ ತೆಗೆದುಕೊಂಡ. ಓವರಿಗೆ ಇನ್ನೂ ಮೂರು ಬಾಲ್ ಉಳಿದಿತ್ತು. ಬಾವಾನನ್ನು ಎತ್ತಿಕೊಂಡು ನಾವು ಗೆರೆ ದಾಟುವಾಗ ಹಿಂದೆ ನಾಲ್ಕನೇ ಬಾಲ್ ಹಾಕಿದ ಸದ್ದು ಕೇಳಿತು.

ಕಂಪೆನಿಯ ಮಿನಿಬಸ್ಸಿನ ಡ್ರೈವರ್ ಅಬ್ದುಲ್ ನಾಸಿರ್. "ಆಸ್ಪತ್ರೆಗಲ್ಲವಾ?" ಎಂದು ಕೇಳಿದ. ಫರ್ವಾನಿಯಾದ ಆಸ್ಪತ್ರೆಗೆ ಹದಿನೈದು ನಿಮಿಷ. ಮಂಗಫಿನ ರೂಮಿಗೆ ಮುಕ್ಕಾಲು ಗಂಟೆ.

"ರೂಮಿಗೆ" ಎಂದ ರೋಶನ್. "ಎಸಿಯಲ್ಲಿ ಮಲಗಿಸಿದರೆ ಸರಿಯಾಗ್ತಾನೆ. ಆಸ್ಪತ್ರೆಯಲ್ಲಿ ಕೇಳ್ತಾರೆ, ಈ ಬಿಸಿಲಿನಲ್ಲಿ ಎಂತ ಮಾಡಿಸ್ತಿದ್ದಿರಿ ಅಂತ. ಯಲ್ಲಾ, ಹೊರಡು."

ಬಸ್ಸಿನಲ್ಲಿ ಬಾವಾ ಒಮ್ಮೆ ಕಣ್ಣು ಬಿಟ್ಟ. "ಬಾಲ್ ಎಲ್ಲಿ?" ಎಂದ. "ಔಟ್ ಮಾರಾಯ, ಔಟ್" ಎಂದೆ. ಮತ್ತೆ ಮಾತಾಡಲಿಲ್ಲ.

ರೋಶನ್ ತನ್ನ ಕಾರಿನಲ್ಲಿ ಹಿಂದೆ ಬರುತ್ತಿದ್ದ. ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದ. ಮೂರನೇ ಮಾಳಿಗೆಗೆ ಹೊತ್ತುಕೊಂಡು ಹೋಗಿ. ಮಂಚದಲ್ಲಿ ಮಲಗಿಸಿ. ಶೂ ತೆಗೀರಿ. ಜೆರ್ಸಿ, ಪ್ಯಾಂಟು ತೆಗೀರಿ, ಬಿಗಿ ಬಟ್ಟೆಯಲ್ಲಿ ಉಸಿರು ಕಟ್ತದೆ. ಮನೆಯ ಬಟ್ಟೆ ಹಾಕಿ. ಅದು ಚಿಕಿತ್ಸೆ ಎಂದೇ ನಾನು ನಂಬಿದೆ. ತಲೆಯ ಕಡೆ ಅಬ್ದುಲ್ ನಾಸಿರ್ ಹಿಡಿದಿದ್ದ, ಕಾಲು ನಾನು ಹಿಡಿದಿದ್ದೆ. ಶೂ ಕಳಚಿದಾಗ ಅರ್ಧ ಲೋಟ ಮರಳು ಬಿತ್ತು. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಅವನ ಚೌಕುಳಿ ಮುಂಡನ್ನು ತೆಗೆದು ಉಡಿಸಿದೆ. ಯಾವಾಗ ಉಸಿರು ನಿಂತಿತು, ನನಗೆ ಗೊತ್ತಿಲ್ಲ. ಮುಂಡು ಉಡಿಸುವಾಗ ಮೈ ಸುಡುತ್ತಿತ್ತು. ಅಷ್ಟು ಗೊತ್ತು.

ರೋಶನ್ ಬಂದು ಬಾಗಿಲಲ್ಲಿ ನಿಂತು ಫೋಟೋ ತೆಗೆದ. ಮರಳನ್ನು ಗುಡಿಸಿಸಿದ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಆಮೇಲೆ.

ಬಾವಾ ಪೆಟ್ಟಿಗೆಯಲ್ಲಿ ಊರಿಗೆ ಹೋದ. ಮರುವಾರ ಅಬ್ದುಲ್ ನಾಸಿರನಿಗೆ ಒಮ್ಮೆಲೇ ರಜೆ ಕೊಟ್ಟು ಕಳಿಸಿದರು, ವೀಸಾ ಖಲಾಸ್. ರೂಮಿನಲ್ಲಿ ನೋಡಿದವ ನಾನೊಬ್ಬ ಉಳಿದೆ.

ಹದಿನೈದು ದಿನ ಕಳೆದು ಫಸೀಲಾ ಫೋನ್ ಮಾಡಿದಳು. ಬಾವಾನ ಹೆಂಡತಿ. ನಾನು ಕೆಲಸ ಮುಗಿಸಿ ಕಂಪೆನಿ ಬಸ್ಸಿಗೆ ಕಾಯುತ್ತಿದ್ದೆ.

"ಸುಕುಮಾರಣ್ಣ, ಒಂದು ಕೇಳ್ತೇನೆ. ಬೇಜಾರು ಮಾಡ್ಬೇಡಿ."

"ಕೇಳಿ ಫಸೀಲಕ್ಕ."

"ನಿದ್ದೆಯಲ್ಲೇ ನೆಮ್ಮದಿಯಲ್ಲಿ ಹೋದರು ಅಂತ ಕಂಪೆನಿಯವರು ಒಂದು ಫೋಟೋ ಕಳಿಸಿದ್ದಾರೆ. ದಿನಾ ನೋಡ್ತೇನೆ. ಅದರಲ್ಲಿ ಅವರ ಮುಂಡು ಬಲಕ್ಕೆ ಉಂಟು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಮ್ಮವರು ಎಡಕ್ಕೆ ಉಡುದು. ನಿಮ್ಮವರು ಬಲಕ್ಕೆ. ಇವರು ನಿದ್ದೆಗಣ್ಣಿನಲ್ಲಿ ಎದ್ದು ಉಟ್ಟರೂ ಕೈ ಎಡಕ್ಕೇ ಹೋಗ್ತದೆ. ಹದಿನೇಳು ವರ್ಷ ನೋಡಿದವಳು ನಾನು. ಇದು ಅವರು ಉಟ್ಟದ್ದಲ್ಲ."

ಬಸ್ಸಿಗೆ ಕಾಯುತ್ತಿದ್ದವರು ಏನೋ ಹೇಳಿ ನಗುತ್ತಿದ್ದರು.

"ಯಾರು ಉಡಿಸಿದ್ದು ಸುಕುಮಾರಣ್ಣ? ಉಡಿಸುವಾಗ ಅವರು ಜೀವದಲ್ಲಿದ್ದರಾ?"

"ಬಸ್ ಬಂತು ಫಸೀಲಕ್ಕ" ಎಂದೆ.

ಬಸ್ ಬಂದಿರಲಿಲ್ಲ.

ದಿನಾ ನಾನು ಉಟ್ಟುಕೊಳ್ಳುವ ಹಾಗೆಯೇ ಅವನಿಗೂ ಉಡಿಸಿದ್ದೆ. ಹದಿಮೂರು ವರ್ಷ ಒಂದೇ ರೂಮಿನಲ್ಲಿ ಮಲಗಿ ಎದ್ದವ. ಅವನು ಯಾವ ಕಡೆಗೆ ಉಡುತ್ತಾನೆ ಎಂದು ನನಗೆ ಗೊತ್ತಿತ್ತು. ಕೈಗೆ ನೆನಪಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಫಸೀಲಾಳ ತಮ್ಮ ಊರಿನಿಂದ ಎಂಬೆಸಿಗೆ ಅರ್ಜಿ ಹಾಕಿದ. ಶುಕ್ರವಾರ ಆಟಕ್ಕೆ ಹೋಗುತ್ತಿದ್ದವ, ಮೈದಾನದಲ್ಲಿ ಬಿದ್ದದ್ದೋ ರೂಮಿನಲ್ಲೋ, ತನಿಖೆ ಮಾಡಿ ಎಂದು. ಕಂಪೆನಿಗೆ ಕಾಗದ ಬಂತು. ರೋಶನ್ ನನ್ನನ್ನು ಆಫೀಸಿಗೆ ಕರೆಸಿದ.

ಆಫೀಸಿನಲ್ಲಿ ಅವನು ಸರ್, ಮೈದಾನದಲ್ಲಿ ಅಣ್ಣ. ಅದನ್ನು ಮೊದಲ ದಿನವೇ ಕಲಿಸಿದ್ದ. ಆ ದಿನ ಆಫೀಸಿನಲ್ಲೇ ಅಣ್ಣನಾದ.

"ಸರ್ ಎಂತ ಮಾರಾಯ. ಅಣ್ಣ ಅಂತ ಹೇಳು. ಕೂತುಕೊ."

ಆ ಕುರ್ಚಿಯಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಮೆತ್ತಗಿತ್ತು. ಅವನು ಕಾಗದ ಮುಂದಿಟ್ಟ. ಶುಕ್ರವಾರ ಬೆಳಿಗ್ಗೆಯಿಂದ ಬಾವಾ ರೂಮಿನಲ್ಲೇ ಇದ್ದ. ಹುಷಾರಿಲ್ಲವೆಂದು ಮಲಗಿದ್ದ. ನಾನು ಊಟಕ್ಕೆ ಎಬ್ಬಿಸುವಾಗ ಎಚ್ಚರವಿರಲಿಲ್ಲ. ಕೆಳಗೆ ನನ್ನ ಹೆಸರು, ತಂದೆಯ ಹೆಸರು, ಇಕಾಮಾ ನಂಬರು. ಕಂಪೆನಿ ನನ್ನ ಪೂರ್ತಿ ಹೆಸರನ್ನು ತಪ್ಪಿಲ್ಲದೆ ಬರೆದದ್ದು ಅದೇ ಮೊದಲು.

"ಅವನು ಮೈದಾನದಲ್ಲಿದ್ದ ಅಣ್ಣ."

"ಎಲ್ಲಿ ಉಂಟು?" ಡ್ರಾಯರಿನಿಂದ ಆ ದಿನದ ಸ್ಕೋರಿನ ಕಾಪಿ ತೆಗೆದ. "ಹನ್ನೊಂದು ಹೆಸರು. ಓದು. ಬಾವಾ ಉಂಟಾ?"

"ಕ್ಯಾಚ್ ಉಂಟಲ್ಲ. ಹದಿನೈದನೇ ಓವರ್."

"ಸಬ್ ಅಂತ ಉಂಟು. ಸಬ್ ಅಂದರೆ ಯಾರೂ ಆಗಬಹುದು. ನೀನೂ ಆಗಬಹುದು."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹನ್ನೊಂದು ವರ್ಷ ನಮ್ಮ ಹೆಸರು ಬರೆಯದೆ ಇದ್ದದ್ದು ಉದಾಸೀನ ಎಂದುಕೊಂಡಿದ್ದೆ. ಆ ಖಾಲಿ ಜಾಗ ಈಗ ಅವರಿಗೆ ಸಾಕ್ಷಿಯಾಗಿತ್ತು. ಪುಸ್ತಕದಲ್ಲಿ ಇಲ್ಲದವ ಮೈದಾನದಲ್ಲಿ ಸಾಯುವುದು ಹೇಗೆ?

"ನಂಗೆ ಬೇಜಾರಿಲ್ಲ ಅಂತ ಎಣಿಸಬೇಡ" ಎಂದ ರೋಶನ್. "ಕ್ಯಾಂಪಿನವರೆಲ್ಲ ಸೇರಿ ಬಾವಾನ ಹೆಸರಲ್ಲಿ ಒಂದು ಕಪ್ ಇಟ್ಟಿದ್ದೇವೆ. ಈ ತಿಂಗಳ ಕೊನೆಯ ಶುಕ್ರವಾರ. ಅದರಲ್ಲಿ ನೀನು ಸಬ್ ಅಲ್ಲ. ಹನ್ನೊಂದರಲ್ಲಿ ಒಬ್ಬ. ಬ್ಯಾಟಿಂಗೂ ಕೊಡ್ತೇನೆ. ಅಬು ಹಲೀಫಾದವರು ಈಗಲೂ ನಿನ್ನನ್ನು ಕೇಳ್ತಾರಂತೆ. ರಿಲೀಸಿಗೆ ನಾನೇ ಸೈನ್ ಹಾಕ್ತೇನೆ. ನಿನ್ನ ಇಕಾಮಾ ಯಾವಾಗ ಮುಗಿಯುದು?"

"ಮೂವತ್ತೊಂದಕ್ಕೆ."

"ನೋಡು ಮತ್ತೆ" ಎಂದ.

ಓದಿ ಕೊಡುತ್ತೇನೆಂದು ಹೇಳಿ ಕಾಗದ ಹಿಡಿದುಕೊಂಡು ಎದ್ದೆ. ಮೆಟ್ಟಿಲಲ್ಲಿ ಆಗಸ್ಟಿನ್ ಸಿಕ್ಕಿದರು. ಆಚೀಚೆ ನೋಡಿದರು.

"ನಾನು ನಿಯಮದ ಪ್ರಕಾರವೇ ಬರೆದದ್ದು ಸುಕುಮಾರ. ಸಬ್ ಹಿಡಿದರೆ ಸಬ್ ಅಂತಲೇ ಬರೀಬೇಕು."

"ನಿಯಮದಲ್ಲಿ ಸತ್ತವರಿಗೆ ಜಾಗ ಇಲ್ಲವಾ?"

"ಪೆಟ್ಟಾಗಿ ಹೊರಗೆ ಹೋದರೆ ರಿಟೈರ್ಡ್ ಹರ್ಟ್ ಅಂತ ಉಂಟು. ಅದು ಬ್ಯಾಟ್ಸ್‌ಮನ್ನಿಗೆ ಮಾತ್ರ" ಎಂದರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಇಳಿದು ಹೋದರು.

ಊರಿಗೆ ಫೋನ್ ಮಾಡಿ ಕುಸುಮಾವತಿಗೆ ಹೇಳಿದೆ. ನನ್ನ ಹೆಂಡತಿ. ಬೀಡಿ ಕಟ್ಟುತ್ತಾಳೆ. ಮಗಳು ಅಕ್ಷಿತಾ ನರ್ಸಿಂಗ್ ಎರಡನೇ ವರ್ಷ. ಎಲ್ಲ ಕೇಳಿ ಕುಸುಮಾವತಿ ಹೇಳಿದಳು, "ಸೈನ್ ಹಾಕಿ ಮಾರ್ರೆ. ಸತ್ತವರು ವಾಪಸ್ ಬರುದಿಲ್ಲ. ನೀವು ಈ ಭುಜ ಇಟ್ಟುಕೊಂಡು ಇಲ್ಲಿ ಬಂದು ಎಂತ ಮಾಡ್ತೀರಿ?" ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿಲ್ಲ. ಸೈನ್ ಹಾಕುವುದೆಂದೇ ನಿಶ್ಚಯಿಸಿದೆ.

ಶುಕ್ರವಾರ ಬಂತು. ಶಾಮಿಯಾನಕ್ಕೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಹಳೆಯ ಟೀಮ್ ಫೋಟೋದಿಂದ ಬಾವಾನನ್ನು ಕತ್ತರಿಸಿ ದೊಡ್ಡದು ಮಾಡಿದ್ದರು. ಅವನ ಹೆಗಲ ಮೇಲೆ ಬೇರೆ ಯಾರದ್ದೋ ಕೈಯ ತುಂಡು ಉಳಿದಿತ್ತು. ಕೆಳಗೆ, 'ನಿದ್ರೆಯಲ್ಲೇ ನಮ್ಮನ್ನಗಲಿದ ಗೆಳೆಯ.' ಎಲ್ಲರೂ ಒಂದು ನಿಮಿಷದ ಮೌನಕ್ಕೆ ನಿಂತರು. ಅರ್ಧ ನಿಮಿಷಕ್ಕೇ ರೋಶನ್ "ಚಲೋ" ಎಂದ.

ನಾವು ಮೊದಲು ಬ್ಯಾಟಿಂಗ್. ನನ್ನನ್ನು ಆರನೆಯವನಾಗಿ ಕಳಿಸಿದರು. ಆಗಸ್ಟಿನ್ ಪುಸ್ತಕದಲ್ಲಿ ನನ್ನ ಹೆಸರು ಬರೆಯುವುದನ್ನು ಹಿಂದೆ ನಿಂತು ನೋಡಿದೆ. ನಾಲ್ಕಕ್ಷರ. ಒಂಬತ್ತು ರನ್ ಹೊಡೆದೆ. ಒಂದು ಬೌಂಡರಿ. ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಸತ್ತವನ ಹೆಸರಿನ ಕಪ್ಪಿನಲ್ಲಿ ಒಂಬತ್ತು ರನ್ನಿಗೆ ನನ್ನ ಎದೆ ಉಬ್ಬಿತು.

ಹನ್ನೊಂದೂಕಾಲಿಗೆ ಫೀಲ್ಡಿಂಗ್. ನಾನು ಎದ್ದೆ.

"ನೀನೆಂತ ಏಳುದು?" ಎಂದ ರೋಶನ್. "ಹನ್ನೊಂದರವ ನೀನು. ಬಿಸಿಲಿಗೆ ಸಬ್ ಹೋಗ್ತಾರೆ. ಕೂತುಕೊ."

ಮಿನಿಬಸ್ಸಿನಿಂದ ನಾಲ್ಕು ಜನ ಇಳಿದರು. ಬಿಹಾರದವರು, ನೇಪಾಳದವರು. ಹೊಸ ಬ್ಯಾಚು. ಅವರಲ್ಲೊಬ್ಬ ನಲವತ್ತು ದಾಟಿದವ, ಕಾಲಿಗೆ ಸೈಟಿನ ಸೇಫ್ಟಿ ಶೂ. ಓಡುತ್ತ ಲಾಂಗ್ ಆನಿಗೆ ಹೋದ. ನನ್ನ ಬದಲಿಗೆ ಇಳಿದ ಸಬ್ ಅವನು. ಸರಿಯಾಗಿ ಎಲ್ಲಿ ಹೋಗಿ ನಿಂತನೆಂದರೆ, ಅಲ್ಲಿ ನಾನು ಬಾವಾನನ್ನು ಮಗುಚಿದ್ದೆ. ಟೋಪಿ ಇರಲಿಲ್ಲ. ಅಂಗೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡ.

"ಅವನ ಹೆಸರೆಂತ?" ಎಂದು ಆಗಸ್ಟಿನರನ್ನು ಕೇಳಿದೆ.

"ಯಾರದ್ದು?"

"ಲಾಂಗ್ ಆನಿನವನದ್ದು."

"ಸಬ್ ಅಲ್ಲವಾ" ಎಂದರು ಆಗಸ್ಟಿನ್. ಪುಸ್ತಕದಿಂದ ತಲೆ ಎತ್ತಲಿಲ್ಲ.

ನೆರಳು ತಂಪಾಗಿತ್ತು. ಫ್ಯಾನ್ ಇತ್ತು. ಯಾರೋ ನನ್ನ ಕೈಗೆ ತಣ್ಣನೆಯ ಮಜ್ಜಿಗೆಯ ಪ್ಯಾಕೆಟ್ ಕೊಟ್ಟರು. ಇಲ್ಲಿಂದ ನೋಡಿದರೆ ಗೆರೆಯಲ್ಲಿ ನಿಂತವನ ಮುಖ ಕಾಣುವುದಿಲ್ಲ. ಬಿಸಿಲಿನ ಅಲೆಯಲ್ಲಿ ಒಂದು ಕಡ್ಡಿ ಅಲ್ಲಾಡಿದ ಹಾಗೆ ಕಾಣುತ್ತದೆ. ಆ ಶುಕ್ರವಾರ ಬಾವಾ ಕೈ ಎತ್ತಿದ್ದು ಇವರಿಗೆ ಹೀಗೇ ಕಂಡಿರಬೇಕು.

ರೋಶನ್ ಹಲಗೆಗೆ ಸಿಕ್ಕಿಸಿದ ಕಾಗದ ತಂದ. ನಾನು ರೂಮಿಗೆ ಕೊಂಡುಹೋದದ್ದರ ಇನ್ನೊಂದು ಪ್ರತಿ. ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟ.

"ಹಾಕು. ಹಾಕಿ ಆರಾಮಲ್ಲಿ ಕೂತುಕೊ."

ಪೆನ್ನು ಹಿಡಿದೆ. ಭುಜ ನೋಯುತ್ತಿತ್ತು. ಕಾಗದದ ಮೇಲೆ ನನ್ನ ಹೆಸರಿತ್ತು, ಪುಸ್ತಕದಲ್ಲೂ ಇತ್ತು. ಎರಡನ್ನೂ ಒಂದೇ ವಾರದಲ್ಲಿ ಕೊಟ್ಟಿದ್ದರು.

"ಆ ಮುಂಡು ಉಡಿಸಿದ್ದು ನಾನು" ಎಂದೆ.

"ಎಂತ ಮುಂಡು?"

"ಬಾವಾನದ್ದು. ಬಲಕ್ಕೆ ಉಡಿಸಿದೆ. ಅವನು ಎಡಕ್ಕೆ ಉಡುವವ. ಫಸೀಲಕ್ಕ ಕೇಳಿದ್ದಾರೆ, ಉಡಿಸುವಾಗ ಇದ್ದರಾ ಅಂತ. ಇದ್ದ. ಮೈ ಸುಡ್ತಿತ್ತು."

ರೋಶನ್ ಸುತ್ತ ನೋಡಿ ಧ್ವನಿ ತಗ್ಗಿಸಿದ.

"ಹುಚ್ಚು ಕಟ್ಟಬೇಡ. ಮೂವತ್ತೊಂದಕ್ಕೆ ಇನ್ನು ಎರಡು ದಿನ. ನಿನ್ನ ಮಗಳ ಮುಖ ನೆನಪು ಮಾಡಿ ಸೈನ್ ಹಾಕು."

ನೆನಪು ಮಾಡಿದೆ. ಪೆನ್ನನ್ನು ಸ್ಕೋರ್ ಬರೆಯುವ ಮೇಜಿನ ಮೇಲೆ ಇಟ್ಟೆ.

"ಆಗಸ್ಟಿನ್ ಸರ್, ಆ ಶುಕ್ರವಾರದ ಪುಟ ತೆಗೀರಿ. ಹದಿನೈದನೇ ಓವರ್, ಮೂರನೇ ಬಾಲ್. ಸಬ್ ಅಂತ ಉಂಟಲ್ಲ, ಅದನ್ನು ಹೊಡೆದು ಬಾವಾ ಅಂತ ಬರೀರಿ."

ಆಗಸ್ಟಿನ್ ಪುಟ ತೆರೆಯಲಿಲ್ಲ. ಪೆನ್ನು ಮಾತ್ರ ಕೈಗೆ ತೆಗೆದುಕೊಂಡರು.

ನಾನು ನೆರಳಿನಿಂದ ಹೊರಗೆ ಬಂದೆ. ಮರಳಿನ ಬಿಸಿ ಶೂವಿನೊಳಗೆ ಏರಿತು. ಮೈದಾನದ ನಡುವಿನಿಂದಲೇ ನಡೆದೆ. ಬೌಲರ್ ಓಡಿಬರುತ್ತಿದ್ದವ ಅರ್ಧದಲ್ಲಿ ನಿಂತ. ಲಾಂಗ್ ಆನಿನವನ ಹತ್ತಿರ ಹೋಗಿ ಕೇಳಿದೆ, "ಭಾಯಿ, ನಾಮ್ ಕ್ಯಾ ಹೈ?"

ಅವನು ಹೆದರಿದ. ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡ. "ಹರಿಂದರ್" ಎಂದ.

"ಹರಿಂದರ್ ಭಾಯಿ, ನೆರಳಿಗೆ ಹೋಗು. ನೀರು ಕುಡಿ."

ಅವನು ಹೋಗಲಿಲ್ಲ. ಹೋಗಲು ಧೈರ್ಯವಿರಲಿಲ್ಲ. ನನ್ನ ಪಕ್ಕದಲ್ಲೇ ನಿಂತ. ಈಗ ಮೈದಾನದಲ್ಲಿ ನಮ್ಮ ಟೀಮಿನವರು ಹನ್ನೆರಡು ಜನ. ಹನ್ನೆರಡು ಜನರಿದ್ದರೆ ಬಾಲ್ ಹಾಕುವ ಹಾಗಿಲ್ಲ. ಅಂಪೈರ್ ಕೈ ಅಡ್ಡ ಹಿಡಿದ. ಬಾವಾ ಬಿದ್ದಾಗ ನಿಲ್ಲದ ಆಟ ನಿಂತಿತು.

ರೋಶನ್ ನೆರಳಿನಿಂದ ಕೂಗಿದ. ನಾನು ಅಲುಗಲಿಲ್ಲ. ಮತ್ತೆ ಕೂಗಿದ. ಕೊನೆಗೆ ಅವನೇ ಬಿಸಿಲಿಗೆ ಇಳಿದ. ಮಧ್ಯಾಹ್ನದ ಹೊತ್ತಿನಲ್ಲಿ ಅವನು ಲಾಂಗ್ ಆನಿನವರೆಗೆ ನಡೆದು ಬಂದದ್ದನ್ನು ನಾನು ಹದಿಮೂರು ವರ್ಷದಲ್ಲಿ ನೋಡಿರಲಿಲ್ಲ. ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಕಾಗದ ಕೈಯಲ್ಲೇ ಇತ್ತು.

"ಸೈನ್ ಹಾಕು. ಇಲ್ಲದಿದ್ದರೆ ಗ್ರೌಂಡಿನಿಂದ ಹೊರಗೆ ನಡಿ."

"ಎರಡೂ ಮಾಡುದಿಲ್ಲ ರೋಶನ್" ಎಂದೆ.